ಮಣ್ಣಿಗೆ ಬನ್ನಿ

ಮಣ್ಣು ಉಳಿಸಿ ಎಂದು ಹೇಳುವುದು ನನ್ನ ಉದ್ಯೋಗ. ಕೇಳಿಸಿಕೊಳ್ಳುವುದು ಮಾತ್ರ ಯಾರ ಉದ್ಯೋಗವೂ ಅಲ್ಲ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಸಮುದಾಯ ಭವನಗಳಲ್ಲಿ ನನ್ನಷ್ಟು ಖಾಲಿ ಕುರ್ಚಿಗಳನ್ನು ಉದ್ದೇಶಿಸಿ ಮಾತಾಡಿದವರು ಇನ್ನೊಬ್ಬರು ಇರಲಾರರು. ಬದು ಹಾಕಿ, ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿ, ಹುಲ್ಲುಗಾವಲಿಗೆ ಬೆಂಕಿ ಇಡಬೇಡಿ ಎಂದು ನಾನು ಹೇಳುತ್ತ ಹೋದಂತೆಲ್ಲ ಆ ಕುರ್ಚಿಗಳು ಒಂದಕ್ಷರ ಎದುರಾಡದೆ ಒಪ್ಪಿಕೊಂಡಿವೆ. ಆದರೂ ಮುಂದಿನ ಸಾಲಿನ ಒಂದು ಕುರ್ಚಿಯ ಕಡೆಗೆ ನನ್ನ ಕಣ್ಣು ಮತ್ತೆ ಮತ್ತೆ ಹೋಗುತ್ತದೆ. ಅಲ್ಲಿ ನಮ್ಮ ಅಕ್ಕ ಬಂದು ಕೂರಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ.

ಅಕ್ಕ ಇರುವುದು ಮಾಡದಕೆರೆಯಲ್ಲಿ. ಕುರಿ, ಹೊಲ, ಮನೆತುಂಬ ಜನ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಪ್ರತಿ ಕಾರ್ಯಕ್ರಮಕ್ಕೂ ಕರೆಯುತ್ತೇನೆ. "ಕುರಿ ಯಾರು ನೋಡ್ತಾರಪ್ಪ? ಇನ್ನೊಂದ್ಸಲ ಬರ್ತೀನಿ ಬಿಡು" ಎನ್ನುತ್ತಾಳೆ. ಅವಳು ಬಾರದಿದ್ದರೂ ಅವಳದೊಂದು ಕಥೆ ನನ್ನ ಭಾಷಣಕ್ಕೆ ತಪ್ಪದೆ ಬರುತ್ತದೆ: ಮೊದಲ ಮಳೆ ಬಿದ್ದ ದಿನ ಹೊಲದ ಬದುವಿನ ಮೇಲೆ ನಿಂತು, ನನ್ನ ಪುಟ್ಟ ಅಂಗೈಯಲ್ಲಿ ಒಂದು ಹಿಡಿ ಮಣ್ಣಿಟ್ಟು, "ಇದನ್ನ ಕೆಡಿಸ್ಬೇಡ ಕಣೋ" ಎಂದಳು. ಇಷ್ಟು ಅಚ್ಚುಕಟ್ಟಾದ ನೆನಪಿನ ಮೇಲೆ ನನಗೇ ಅನುಮಾನ. ಮಳೆಯನ್ನಂತೂ ನಾನೇ ಸುರಿಸಿದ್ದು. ಮೊದಮೊದಲ ಭಾಷಣಗಳಲ್ಲಿ ಬಿಸಿಲಿತ್ತು. ಅಂಗೈಯಾದರೂ ನಿಜವಾಗಿರಲಿ ಎಂಬ ಹಂಬಲ. ಅದಕ್ಕೆ ಸಾಕ್ಷಿ ಹೇಳಬಲ್ಲವಳು ಅಕ್ಕ ಒಬ್ಬಳೇ.

'ಭೂಸಂರಕ್ಷಣೆ ಹಾಗೂ ಪರಿಸರ ಜನಜಾಗೃತಿ ಸಮಾವೇಶ' ಎಂದು ಫ್ಲೆಕ್ಸ್ ಹಾಕಿಸಿದರೆ, ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ. ಪ್ರಯೋಗ ಮಾಡದೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹೊಸದುರ್ಗದ ಕಾರ್ಯಕ್ರಮಕ್ಕೆ ಅಲಂಕಾರವನ್ನೆಲ್ಲ ಕಿತ್ತುಹಾಕಿದೆ. ನನ್ನದೊಂದು ಕಪ್ಪುಬಿಳುಪು ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಎರಡೇ ಮಾತು: ಮಣ್ಣಿಗೆ ಬನ್ನಿ. ಆಮೇಲೆ ಸ್ಥಳ, ಸಮಯ. ಫ್ಲೆಕ್ಸ್ ಅಂಗಡಿಯವನು "ಸಾರ್, ಹಿಂಗೇ ಇರ್ಲಾ?" ಎಂದು ಅನುಮಾನಿಸಿದ. ಪಾಪ, ಕಲೆ ತಿಳಿಯದವನು ಎಂದುಕೊಂಡೆ. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಹೂಳುವಲ್ಲಿಗೆ ಹೋಗುವುದು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಆದರೆ ಭಾಷಣದ ಕನ್ನಡದಲ್ಲೇ ಬಹಳ ಕಾಲ ವಾಸವಾಗಿದ್ದವನಿಗೆ ಮನೆಯ ಕನ್ನಡ ಹೊಳೆಯುವುದು ತಡ.

ಆ ದಿನ ಭವನ ತುಂಬಿ ಹೊರಗೂ ಜನ ನಿಂತರು. ಪ್ರಯೋಗ ಫಲಿಸಿತೆಂದು ನಾನು ವೇದಿಕೆಯ ಪರದೆಯ ಹಿಂದೆ ಹಿಗ್ಗುತ್ತಿದ್ದೆ. ಕೆಲವರ ಕೈಯಲ್ಲಿ ಊದುಬತ್ತಿ ಕಂಡು, ಉದ್ಘಾಟನೆಗೆ ಇರಬೇಕು ಎಂದುಕೊಂಡೆ. ಹಿರಿಯರೊಬ್ಬರು ನಮ್ಮ ಸಂಘಟಕನನ್ನು ಕೇಳುತ್ತಿದ್ದರು:

"ಎಷ್ಟೊತ್ತಿಗ್ರಿ ಎತ್ತೋದು?"

"ಇನ್ನೇನು ಸುರು ಮಾಡ್ತೀವಿ, ಕುಂತ್ಕಳ್ರಿ."

"ಒಳ್ಳೆ ಮನುಷ್ಯ ಪಾಪ. ಮಾತು ಜಾಸ್ತಿ, ಅಷ್ಟೆ. ಇನ್ನು ಅದೂ ಇಲ್ಲ ಬಿಡ್ರಿ."

ಆಗಲೇ ನಾನು ಕೈಮುಗಿಯುತ್ತ ವೇದಿಕೆಗೆ ಬಂದೆ. ಗುಂಪಿನ ನಡುವಿನಿಂದ ಹೆಂಗಸೊಬ್ಬಳು ಕಿರುಚಿಕೊಂಡು ಎದ್ದು, ಹಾರ ಹಿಡಿದು ವೇದಿಕೆ ಹತ್ತಿದಳು. ಅಕ್ಕ! ಬಂದವಳೇ ನನ್ನ ಬೆನ್ನಿಗೆ ಗುದ್ದಿದಳು.

"ಲೇ, ಬದುಕಿದೀಯೇನೋ! ಫೋನ್ ಯಾಕೋ ಎತ್ತಲಿಲ್ಲ?"

"ಕಾರ್ಯಕ್ರಮ ಐತೆ ಅಂತ ಆಫ್ ಮಾಡಿದ್ದೆ ಅಕ್ಕ."

"ಸತ್ತೋರು ಫೋನ್ ಎತ್ತಲ್ಲ ಕಣೇ, ನಡಿ ಹೋಗಾಣ ಅಂದ್ರು ನಿಮ್ಮ ಭಾವ. ಕುರಿ ಇನ್ನೂ ರೊಪ್ಪದಾಗೇ ಅವೆ, ಮೇಯಕ್ಕೂ ಬಿಟ್ಟಿಲ್ಲ." ಕಣ್ಣೊರೆಸಿಕೊಂಡು ಹಾರವನ್ನು ನನ್ನ ಕೊರಳಿಗೇ ಹಾಕಿದಳು. "ತಂದಾಗೈತೆ, ಹಾಕ್ಕೋ. ಹೂವ ಕೆಡಿಸ್ಬಾರ್ದು."

ಕೆಲವರು ನಗುತ್ತ, ಕೆಲವರು ಬೈಯುತ್ತ ಎದ್ದರು. ಬಸ್ಸಿಗೆ ಇನ್ನೂ ಹೊತ್ತಿದ್ದವರು ಉಳಿದರು. ಅಕ್ಕನೂ ಉಳಿದಳು, ಮುಂದಿನ ಸಾಲಿನ ಅದೇ ಕುರ್ಚಿಯಲ್ಲಿ. ಬದು, ಮಳೆ, ಅಂಗೈ ಎಲ್ಲವನ್ನೂ ಹೇಳಿ, ಅವಳು ತಲೆದೂಗುವಳೇ ಎಂದು ನೋಡಿದೆ.

"ಯಾವ ಮಳೆನೋ?" ಎಂದಳು ಕೂತಲ್ಲಿಂದಲೇ. "ಮಣ್ಣನ್ನ ನಿನ್ನ ಕೈಗೆ ಯಾರು ಕೊಡ್ತಾರೆ? ಸಿಕ್ಕಿದ್ದೆಲ್ಲಾ ತಿಂತಿದ್ದೆ. ನಾನು ಬಾಯಿಗೆ ಬೆರಳು ಹಾಕಿ ತೆಗೀತಿದ್ದೆ. ನೀನು ಕಚ್ತಿದ್ದೆ ಬ್ಯಾರೆ!"

ಉಳಿದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮಣ್ಣಿನ ವಿಷಯದಲ್ಲಿ ನನ್ನ ಸಭೆ ಅಷ್ಟು ಆಸಕ್ತಿ ತೋರಿಸಿದ್ದು ಅದೇ ಮೊದಲು. ನನ್ನ ಸುಂದರ ಅಂಗೈ ಹೋಯಿತು. ಅದರ ಬದಲು ಬಾಯೊಳಗೊಂದು ಬೆರಳು, ಕುರಿಹಾಲಿನ ವಾಸನೆಯದು. ವಾಸನೆಯ ಮಾತು ಅಕ್ಕ ಹೇಳಿರಲಿಲ್ಲ; ಆಗಲೇ ನಾನು ಸೇರಿಸಲು ಶುರುಮಾಡಿದ್ದೆ. ಗೊತ್ತಿದ್ದೂ ಅಳಿಸಲು ಮನಸ್ಸು ಬರಲಿಲ್ಲ. ಭಾಷಣ ಮುಗಿಯುವ ಮೊದಲೇ ಅವಳು ಎದ್ದು, ಕುರಿ ಅರಚ್ತಿರ್ತಾವೆ ಎಂದು ಸನ್ನೆ ಮಾಡಿ ಹೊರಟಳು.

ಈ ವಾರ ರಾಮಗಿರಿಯಲ್ಲಿ ಕಾರ್ಯಕ್ರಮ. ಫ್ಲೆಕ್ಸ್ ಮೇಲೆ ಈಗ ನನ್ನ ಫೋಟೋ ಇಲ್ಲ, ಉದ್ದನೆಯ ಸಮಾವೇಶ ಮರಳಿ ಬಂದಿದೆ. ನಿನ್ನೆ ಅಕ್ಕನಿಗೆ ಫೋನ್ ಮಾಡಿ ಕರೆದೆ.

"ಕುರಿ ಮರಿ ಹಾಕ್ಯಾವೆ ಕಣಪ್ಪ, ಈ ಸಲ ಆಗಲ್ಲ" ಎಂದಳು. ಆಮೇಲೆ ನಗುತ್ತ, "ನಿನ್ನ ಮಣ್ಣಿಗೆ ಬಂದೇ ಬರ್ತೀನಿ ಬಿಡು" ಎಂದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಸರದಿಯ ಪ್ರಕಾರ ಅವಳ ಮಣ್ಣಿಗೆ ಹೋಗಬೇಕಾದವನು ನಾನು. ಆದರೂ ಹೇಳಿದೆ:

"ಹೂಂ ಅಕ್ಕ, ತಪ್ಪಿಸ್ಬೇಡ. ನೀನು ಬರೋ ತನಕ ಸುರು ಮಾಡಲ್ಲ."