ಭಾನುವಾರ ಮಧ್ಯಾಹ್ನದ ದೆವ್ವಗಳು

ಮಲಗುವ ಮುನ್ನ ಮುಂಬಾಗಿಲ ಚಿಲಕವನ್ನು ಇನ್ನೊಮ್ಮೆ ಎದ್ದು ನೋಡಿ ಬರುವ ಮನುಷ್ಯ, ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸಿ ಬೇರೆ ಯಾರಾದರೂ ಮುಂದೆ ಹೋಗಲಿ ಎಂದು ಕಾಯುವ ಮನುಷ್ಯ, ಆಸ್ಪತ್ರೆಯ ವಾಸನೆಗೇ ಬೆವರುವ ಮನುಷ್ಯ, ಭಾನುವಾರ ಬಂತೆಂದರೆ ತಾನಾಗಿಯೇ ಟಿ.ವಿ. ಮುಂದೆ ಕೂತು ‘ನನ್ನನ್ನು ಸ್ವಲ್ಪ ಹೆದರಿಸಿ’ ಎಂದು ಯಾಕೆ ಕೇಳಿಕೊಳ್ಳುತ್ತಾನೆ? ಈ ಪ್ರಶ್ನೆಗೆ ಮನಸ್ಸಿನ ಡಾಕ್ಟರುಗಳ ಹತ್ತಿರ ಉತ್ತರ ಇದ್ದೀತು. ನನ್ನ ಹತ್ತಿರ ಇಲ್ಲ. ಹೋಗಲಿ ಎಂದು ಬಿಡೋಣವೆಂದರೆ ಆ ಮನುಷ್ಯ ನಾನೇ ಆಗಿರುವುದರಿಂದ ಬಿಡುವ ಹಾಗೂ ಇಲ್ಲ.

ಕೊಟ್ಟೂರಿನಲ್ಲಿ ನನ್ನದೊಂದು ಎಲೆಕ್ಟ್ರಿಕ್ ಅಂಗಡಿ. ಬಲ್ಬು, ವೈರು, ಸ್ವಿಚ್ಚು ಮಾರುವುದು, ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡಿಕೊಡುವುದು ಹೊಟ್ಟೆಪಾಡು. ಹಾರರ್ ಸಿನಿಮಾಗಳ ವಿಮರ್ಶೆ ಮಾಡುವುದು ಖಯಾಲಿ. ನಮ್ಮ ಓಣಿಯ ವ್ಯಾಪಾರಸ್ಥರ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಸಂಜೆಗೆ ನನ್ನದೊಂದು ವಿಮರ್ಶೆ ಬೀಳಲೇಬೇಕು. ಅದು ಅಲ್ಲಿಂದ ಫಾರ್ವರ್ಡ್ ಆಗಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೆಲ್ಲ ಸುತ್ತುತ್ತದೆ ಎಂದು ನಾನು ನಂಬಿದ್ದೇನೆ. ಆಧಾರ ಕೇಳಬೇಡಿ. ಒಮ್ಮೆ ಹಗರಿಬೊಮ್ಮನಹಳ್ಳಿಯ ಗಿರಾಕಿಯೊಬ್ಬರು ಮೋಟಾರು ಒಯ್ಯಲು ಬಂದವರು, “ಆ ದೆವ್ವದ ಸಿನಿಮಾದ ಬಗ್ಗೆ ಬರೆಯೋರು ನೀವೇ ಏನ್ರಿ?” ಎಂದು ಕೇಳಿದ್ದರು. ಹೌದೆಂದು ಎದೆಯುಬ್ಬಿಸಿದೆ. “ಭಾಳ ಉದ್ದ ಬರೀತೀರಿ” ಎಂದರು. ಓದಿದ್ದಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೆ.

ಅನುಭವದ ವಿಷಯಕ್ಕೆ ಬಂದರೆ ನಾನು ಟೆಂಟ್ ಸಿನಿಮಾದ ಕಾಲದಿಂದ ದೆವ್ವಗಳನ್ನು ಬಲ್ಲವನು. ಹಳೆಯ ದೆವ್ವಗಳಿಗೆ ಒಂದು ಶಿಸ್ತಿತ್ತು. ಬಿಳಿ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು, ಮಂಜಿನಲ್ಲಿ ನಡೆಯುತ್ತ, ಪಲ್ಲವಿ ಚರಣಗಳ ಸಮೇತ ಪೂರ್ತಿ ಹಾಡು ಹಾಡಿ ಹೋಗುತ್ತಿದ್ದವು. ಯಾರಿಗೂ ಕೈ ಮಾಡುತ್ತಿರಲಿಲ್ಲ. ಆಮೇಲೆ ಬಾಡಿಗೆ ವಿಡಿಯೋ ಕ್ಯಾಸೆಟ್ಟಿನ ಕಾಲ ಬಂತು. ಅದರಲ್ಲಿ ಕಾರು ಕೆಡುವುದು, ಪಾಳು ಬಂಗಲೆ ಸಿಗುವುದು, ಕಂದೀಲು ಹಿಡಿದ ಮುದುಕ ಬಾಗಿಲು ತೆಗೆಯುವುದು ಕಾಯಂ. ಕಾರು ಕೆಟ್ಟರೆ ಮೆಕ್ಯಾನಿಕ್‌ನನ್ನು ಹುಡುಕುವುದು ಬಿಟ್ಟು ಬಂಗಲೆ ಹುಡುಕುವವರಿಗೆ ಆಗಬೇಕಾದದ್ದೇ ಆಯಿತು ಎಂದು ನನಗೆ ಆಗಲೇ ಅನ್ನಿಸುತ್ತಿತ್ತು. ಈಗಿನ ದೆವ್ವಗಳಿಗೆ ಸೀರೆಯೂ ಇಲ್ಲ, ಹಾಡೂ ಇಲ್ಲ. ಮೊಬೈಲಿನಿಂದ ಬರುತ್ತವೆ, ಸಿ.ಸಿ. ಕ್ಯಾಮೆರಾದಲ್ಲಿ ಹಾದು ಹೋಗುತ್ತವೆ. ಅರ್ಧ ಸಿನಿಮಾ ಎಷ್ಟು ಕತ್ತಲೆಂದರೆ ಟಿ.ವಿ.ಯಲ್ಲಿ ನಮ್ಮದೇ ಮುಖ ಕಾಣುತ್ತದೆ. ಎಷ್ಟೋ ಸಲ ಪರದೆಯ ಮೇಲೆ ಬೋಳು ತಲೆಯ ಆಕೃತಿಯೊಂದನ್ನು ಕಂಡು, ನಿರ್ದೇಶಕ ಪರವಾಗಿಲ್ಲ ಎಂದು ಮೆಚ್ಚಿಕೊಂಡು, ಆಮೇಲೆ ಅದು ಯಾರೆಂದು ತಿಳಿದು ಸುಮ್ಮನಾಗಿದ್ದೇನೆ.

ಈ ಸಿನಿಮಾಗಳನ್ನು ನಾನು ಒಬ್ಬನೇ ನೋಡುತ್ತಿರಲಿಲ್ಲ. ನನ್ನ ಹೆಂಡತಿ ಗಿರಿಜಾ ಹಡಗಲಿ ಕಡೆಯವಳು, ತವರಿನಲ್ಲಿ ಮಲ್ಲಿಗೆ ತೋಟ. ನನಗಿಂತ ಹೆಚ್ಚು ಹಾರರ್ ಹುಚ್ಚು ಅವಳಿಗೆ. ಪಕ್ಕದ ಮನೆಯ ಬಸಮ್ಮಕ್ಕ ಕಾನಹೊಸಹಳ್ಳಿಯಿಂದ ಬಂದ ಸೊಸೆ, ಈಗ ಸ್ವತಃ ಅತ್ತೆ. ಎದುರು ಮನೆಯ ನಾಗವೇಣಿಯ ತವರು ತೆಲಿಗಿ. ಭಾನುವಾರ ಊಟವಾಗಿ ಪಾತ್ರೆ ತೊಳೆದಾದ ಮೇಲೆ ಇವರು ಮೂವರೂ ನಮ್ಮ ಪಡಸಾಲೆಯಲ್ಲಿ ಸೇರಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಹಾಡಹಗಲೇ ಕತ್ತಲೆ ಮಾಡಿಕೊಂಡು ದೆವ್ವ ನೋಡುತ್ತಾರೆ. ರಾತ್ರಿ ಯಾಕೆ ನೋಡುವುದಿಲ್ಲ ಎಂದು ಕೇಳಿದ್ದಕ್ಕೆ ಬಸಮ್ಮಕ್ಕ, “ರಾತ್ರಿ ಅಡಿಗಿ ಯಾರು ಮಾಡಬೇಕ್ರಿ, ದೆವ್ವ ಮಾಡತೈತೇನು?” ಎಂದಿದ್ದರು. ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡ ಆ ಸಭೆಯಲ್ಲಿ ಸೋಫಾದ ಬಲತುದಿ ನನ್ನ ಜಾಗವಾಗಿತ್ತು. ಆ ಜಾಗ ಕಳೆದುಕೊಂಡದ್ದು, ಮತ್ತೆ ಅದಕ್ಕಾಗಿ ಪಟ್ಟ ಪಾಡೇ ನಾನು ಹೇಳಹೊರಟಿರುವುದು.

ತಪ್ಪು ನನ್ನ ಕಸುಬಿನದು. ಎಲ್ಲ ಹಾರರ್ ಸಿನಿಮಾಗಳಲ್ಲೂ ದೆವ್ವ ಬರುವ ಮುಂಚೆ ಬಲ್ಬು ಮಿಣಕ್ ಮಿಣಕ್ ಅನ್ನುತ್ತದೆ. ಇಡೀ ಪ್ರಪಂಚ ಅಲ್ಲಿ ಉಸಿರು ಬಿಗಿ ಹಿಡಿಯುತ್ತದೆ. ನನಗೆ ಮಾತ್ರ ಕೈ ಕಡಿಯಲು ಶುರುವಾಗುತ್ತದೆ. ಆ ದಿನ ಹೊಸ ಸಿನಿಮಾ. ಅದರಲ್ಲಿ ಸೊಸೆ ಒಬ್ಬಳೇ ಮನೆಯಲ್ಲಿ. ಬಲ್ಬು ಮಿಣುಕಿತು. ಬಸಮ್ಮಕ್ಕ ಸೆರಗು ಬಾಯಿಗೆ ಹಿಡಿದರು. ನಾಗವೇಣಿ ಗಿರಿಜಾಳ ತೋಳು ಹಿಡಿದುಕೊಂಡಳು. ನಾನು ತಡೆಯಲಾರದೆ, “ನ್ಯೂಟ್ರಲ್ ಲೂಸ್ ಐತಿ, ಮೇನ್ ಬೋರ್ಡಿನ್ಯಾಗ ಒಂದ್ ಸ್ಕ್ರೂ ಬಿಗಿ ಮಾಡಿದ್ರ ಎಲ್ಲ ಸರಿ ಹೋಗತೈತಿ” ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ದೆವ್ವ ಫ್ಯಾನಿಗೆ ಜೋತುಬಿದ್ದಾಗ, ಆ ಹುಕ್ಕು ಅಷ್ಟು ಭಾರ ತಡೆಯುವುದಿಲ್ಲ ಎಂಬುದನ್ನೂ ವಿವರಿಸಿದೆ. ನಾಗವೇಣಿಗೆ ನಗು ಬಂತು. ದೆವ್ವ ಪಾಪ ಫ್ಯಾನಿನ ಮೇಲೆ ಕೂತಲ್ಲೇ ಮರ್ಯಾದೆ ಕಳೆದುಕೊಂಡಿತು.

ಗಿರಿಜಾ ರಿಮೋಟಿನಿಂದ ಸಿನಿಮಾ ನಿಲ್ಲಿಸಿದಳು. “ವಾರಕ್ಕೊಂದು ಸಲ ಕುಂಡ್ರತೀವಿ. ಅದನ್ನೂ ರಿಪೇರಿ ಮಾಡಾಕ ಬರ್ತೀರಿ. ಮುಂದಿನ ವಾರದಿಂದ ನೀವು ಅಂಗಡಿಗೆ ಹೋಗ್ರಿ” ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸದೆ ಹೇಳಿದ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ.

ನನಗೆ ಅನ್ಯಾಯವೆನಿಸಿದ್ದು ಇನ್ನೊಂದು ಕಾರಣಕ್ಕೆ. ಸಿನಿಮಾದ ನಡುವೆ ಮಾತಾಡುವುದು ನಾನೊಬ್ಬನೇ ಅಲ್ಲ. ದೆವ್ವ ಬಂದಾಗ ಮಲ್ಲಿಗೆಯ ಘಮ ಬರುತ್ತದೆ ಎಂದು ಸಿನಿಮಾದವರು ನಡುಗುತ್ತಾರಲ್ಲ, ಗಿರಿಜಾಗೆ ಅದು ತವರಿನ ವಾಸನೆ. ದೆವ್ವದ ಜಡೆ ನೋಡಿ, “ಇದು ಪ್ಲಾಸ್ಟಿಕ್ ಹೂ. ನಮ್ಮ ಹಡಗಲಿ ಮಲ್ಲಿಗಿ ಒಂದ್ ಮಾರು ಮುಡಿಸಿದ್ದರ ದೆವ್ವಕ್ಕೂ ಒಂದು ಕಳೆ ಬರ್ತಿತ್ತು” ಎನ್ನುತ್ತಾಳೆ. ಬಸಮ್ಮಕ್ಕನ ತವರಿನಲ್ಲಿ ಹೊಲದ ಬದುವಿನ ತುಂಬ ಹುಣಸೆ ಮರ. ದೆವ್ವ ಹುಣಸೆ ಮರದ ಮೇಲೆ ಕೂತು ಕೂದಲು ಕೆದರಿದರೆ ಅವರ ಕಣ್ಣು ಮರದ ಮೇಲೆ. “ಎಷ್ಟು ಕಾಯಿ ಹಿಡದೈತಿ ನೋಡ್ರಿ. ಬಡಿಯೋರು ಯಾರೂ ಇಲ್ಲೇನು ಆ ಊರಾಗ?” ಎಂದು ಸಂಕಟಪಡುತ್ತಾರೆ. ಆಗ ಯಾರೂ ರಿಮೋಟು ಒತ್ತುವುದಿಲ್ಲ. ಹೂವಿನ ಬಗ್ಗೆ, ಮರದ ಬಗ್ಗೆ ಮಾತಾಡಬಹುದು, ವೈರಿಂಗ್ ಬಗ್ಗೆ ಮಾತಾಡಬಾರದು ಎಂಬುದು ಯಾವ ನ್ಯಾಯ ಎಂದು ಕೇಳಿದೆ. ನಾಗವೇಣಿ, “ನಾವು ದೆವ್ವ ಆದವಳ ಪರವಾಗಿ ಮಾತಾಡ್ತೀವಿ, ನೀವು ಅವಳು ಇಲ್ಲವೇ ಇಲ್ಲ ಅಂತ ಮಾತಾಡ್ತೀರಿ” ಎಂದಳು. ನನಗೆ ಅದು ಆಗ ಅರ್ಥವಾಗಲಿಲ್ಲ.

ಗಡೀಪಾರಾದ ನಾನು ಭಾನುವಾರ ಅಂಗಡಿಯ ಶಟರು ಅರ್ಧ ಎಳೆದುಕೊಂಡು ಮೊಬೈಲಿನಲ್ಲಿ ದೆವ್ವ ನೋಡತೊಡಗಿದೆ. ಬೇಕಾದಷ್ಟು ಮಾತಾಡಬಹುದಿತ್ತು, ಕೇಳುವವರಿರಲಿಲ್ಲ. ಒಬ್ಬನೇ ನೋಡಿದರೆ ಹಾರರ್ ಸಿನಿಮಾ ಬಹಳ ಸಪ್ಪೆ. ಹಿಡಿದುಕೊಳ್ಳಲು ತೋಳಿಲ್ಲ, ಬೆಚ್ಚಿ ಬಿದ್ದಾಗ ಮಂಡಕ್ಕಿ ಚೆಲ್ಲುವವರಿಲ್ಲ. ವಿಮರ್ಶೆಗಳೂ ಒಣಗಿದವು. ಗುಂಪಿನಲ್ಲಿ ಬರೀ ಹೆಬ್ಬೆರಳು ಬೀಳತೊಡಗಿತು, ಕಿರಾಣಿ ಅಂಗಡಿಯ ಗೆಳೆಯ ಮಾತ್ರ “ಮೊದಲಿನ ಖದರು ಇಲ್ಲ” ಎಂದು ಬರೆದ. ನಿಜ ಹೇಳುತ್ತೇನೆ, ನನಗೆ ಆ ಸೋಫಾದ ತುದಿಯ ನೆನಪಾಗಿ ದುಃಖವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕುತೂಹಲ ಕಾಡುತ್ತಿತ್ತು. ಈ ಮೂವರು ಆ ದೆವ್ವಗಳಲ್ಲಿ ಅಷ್ಟೊಂದು ಏನು ನೋಡುತ್ತಾರೆ? ಹೆದರುತ್ತಾರೆ ಅನ್ನೋಣವೆಂದರೆ, ಹಲ್ಲಿ ಬಿದ್ದರೂ ಪೊರಕೆಯಲ್ಲಿ ಎತ್ತಿ ಆಚೆ ಹಾಕುವ ಹೆಂಗಸರು ಅವರು.

ಒಂದು ಭಾನುವಾರ ಅಂಗಡಿಯಲ್ಲಿ ತಲೆನೋವು ಬಂದು ಹಿತ್ತಲ ಬಾಗಿಲಿನಿಂದ ಮನೆ ಸೇರಿದೆ. ಚಹಾ ಕುದಿಸಲು ಅಡುಗೆಮನೆಗೆ ಹೋದವನು ಪಾತ್ರೆಯನ್ನು ಒಲೆಗಿಟ್ಟು, ಪಡಸಾಲೆಯಿಂದ ಬರುವ ಸದ್ದು ಕೇಳುತ್ತ ನಿಂತೆ. ಕಿರುಚಾಟವೆಲ್ಲ ಮುಗಿದಿತ್ತು. ಬಾಗಿಲ ಸಂದಿಯಿಂದ ಇಣುಕಿದರೆ, ಸಿನಿಮಾದಲ್ಲಿ ಸೊಸೆಯ ಮೈಮೇಲೆ ಸತ್ತವಳೊಬ್ಬಳು ಬಂದಿದ್ದಾಳೆ. ಅವಳ ಮುಂದೆ ಮೊರದಲ್ಲಿ ಸೀರೆ, ಬಳೆ, ಹೂವು. ಅತ್ತೆ, ಮಾವ, ಗಂಡ ಎಲ್ಲ ಕೈ ಮುಗಿದು ನಿಂತಿದ್ದಾರೆ. ಮನೆಯ ಹಿರಿಯಳು ಮೆತ್ತಗೆ ಕೇಳುತ್ತಿದ್ದಾಳೆ, “ಯಾರವ್ವ ನೀನು? ನಿನಗೇನು ಬೇಕು ಹೇಳವ್ವ.” ನಮ್ಮ ಪಡಸಾಲೆಯಲ್ಲಿ ಮಂಡಕ್ಕಿ ಅಗಿಯುವ ಸದ್ದೂ ಇರಲಿಲ್ಲ. ಬಸಮ್ಮಕ್ಕ ಅಳುತ್ತಿದ್ದರು. ಇಂಥ ದೃಶ್ಯವನ್ನು ನಾನು ಹಳೆಯದರಲ್ಲಿ, ಹೊಸದರಲ್ಲಿ ಎಷ್ಟೋ ಕಡೆ ನೋಡಿದ್ದೇನೆ, ಕಥೆ ಎಳೆಯುತ್ತದೆ ಎಂದು ಬರೆದು ಅಂಕ ಕಡಿಮೆ ಮಾಡಿದ್ದೇನೆ.

ಅಲ್ಲಿ ನಿಂತಾಗ ನನಗೆ ಅರಸೀಕೆರೆಯ ನಮ್ಮ ಚಿಕ್ಕಮ್ಮ ನೆನಪಾದಳು. ತುಂಬಿದ ಮನೆಯ ಕಿರಿ ಸೊಸೆ. ವರ್ಷಕ್ಕೊಮ್ಮೆ ಅವಳಿಗೆ ಗಾಳಿ ಸೋಕುತ್ತಿತ್ತು. ಕೂದಲು ಬಿಚ್ಚಿ, ಗುಡುಗುತ್ತ ಕೂತರೆ ಮನೆಯ ಗಂಡಸರೆಲ್ಲ ಟವೆಲ್ಲು ಸೊಂಟಕ್ಕೆ ಸುತ್ತಿ ಎದುರಿಗೆ ನಿಂತು, “ಏನು ಬೇಕು ತಾಯಿ” ಎನ್ನುವರು. ಗಾಳಿ ಕೇಳುತ್ತಿದ್ದದ್ದು ದೊಡ್ಡದೇನಲ್ಲ. ಈಕೆಯನ್ನು ತವರಿಗೆ ಕಳಿಸಿ ಎನ್ನುತ್ತಿತ್ತು. ಒಮ್ಮೆ ಬಿಸಿ ಹೋಳಿಗೆಯನ್ನು ಈಕೆಗೇ ಮೊದಲು ಬಡಿಸಿ ಎಂದಿತ್ತಂತೆ. ಕೇಳಿದ್ದು ಕೊಟ್ಟರೆ ಇಳಿದು ಹೋಗುತ್ತಿತ್ತು. ಎಂಥ ಸಣ್ಣ ದೆವ್ವವಪ್ಪ, ನಿಧಿಗಿಧಿ ಕೇಳಬಾರದೆ ಎಂದು ನಾವೆಲ್ಲ ನಗುತ್ತಿದ್ದೆವು. ಈಗ ಅಡುಗೆಮನೆಯಲ್ಲಿ ನಿಂತು ನಗು ಬರಲಿಲ್ಲ. ದೆವ್ವ ಬಂದಾಗ ಮಾತ್ರ ಅವಳನ್ನು ಯಾರಾದರೂ ಕೇಳುತ್ತಿದ್ದರು, ಬೇರೆ ದಿನ ಕೇಳುತ್ತಿರಲಿಲ್ಲ. ಒಲೆಯ ಮೇಲೆ ಚಹಾ ಉಕ್ಕಿ ಹೋಯಿತು.

ಸಿನಿಮಾ ಮುಗಿದ ಮೇಲೆ ಅವರ ವಿಮರ್ಶೆ ಶುರುವಾಯಿತು. “ಬದುಕಿದ್ದಾಗ ಉಂಡ್ಯೇನವ್ವ ಅಂತ ಒಬ್ಬರೂ ಕೇಳಲಿಲ್ಲ. ಈಗ ನೋಡ್ರಿ, ಮನಿ ಮಂದಿಯೆಲ್ಲ ಸಾಲಾಗಿ ನಿಂತಾರ” ಎಂದು ಬಸಮ್ಮಕ್ಕ ಕಣ್ಣೊರೆಸಿಕೊಂಡರು. “ಸತ್ತ ಮೇಲೆ ಸೀರೆ ಕೊಟ್ರೆ ಉಡೋದು ಹೆಂಗಕ್ಕ?” ಎಂದಳು ನಾಗವೇಣಿ. ಗಿರಿಜಾ ರಿಮೋಟು ಕೆಳಗಿಟ್ಟು, “ನಂಗ ಆಕಿ ಸೇಡು ತೀರಿಸ್ಕೊಳ್ಳೋದು ಬ್ಯಾಡ. ಹಿಂಗ ಕೇಳೋ ಸೀನ್ ಒಂದು ಇದ್ರ ಸಾಕು, ಅದಕ್ಕ ನೋಡ್ತೀನಿ” ಎಂದಳು. ಕ್ಯಾಮೆರಾ, ಸಂಗೀತ, ಮಧ್ಯಂತರದ ತಿರುವು ಎಂದು ಉದ್ದುದ್ದ ಬರೆಯುವ ವಿಮರ್ಶಕನಿಗೆ ಈ ಮಾತು ಇಷ್ಟು ವರ್ಷ ಹೊಳೆದಿರಲಿಲ್ಲ.

ಹೊಳೆದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಉಳಿದ ಚಹಾವನ್ನು ಲೋಟಗಳಿಗೆ ಸಮನಾಗಿ ಹಂಚಿ, ತಟ್ಟೆಯಲ್ಲಿಟ್ಟುಕೊಂಡು ಪಡಸಾಲೆಗೆ ಹೋದೆ. ಗಿರಿಜಾಳ ಮುಂದೆ ತಟ್ಟೆ ಹಿಡಿದು ನಿಂತು, ನನಗೆ ಗೊತ್ತಿರುವ ಅತ್ಯಂತ ಮೆತ್ತಗಿನ ದನಿಯಲ್ಲಿ, “ಗಿರಿಜಾ, ನಿನಗೇನು ಬೇಕು?” ಎಂದು ಕೇಳಿದೆ.

ಎಂಥೆಂಥ ದೆವ್ವಗಳಿಗೂ ಕಣ್ಣು ಪಿಳುಕಿಸದ ನನ್ನ ಹೆಂಡತಿ ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. ನಾಗವೇಣಿ ಅವಳ ತೋಳು ಹಿಡಿದುಕೊಂಡಳು. ಬಸಮ್ಮಕ್ಕ ನನ್ನ ಕಾಲಿನ ಕಡೆ ನೋಡಿದರು, ಪಾದಗಳು ಮುಂದಕ್ಕೇ ತಿರುಗಿವೆಯೋ ಎಂದು ಖಾತ್ರಿ ಮಾಡಿಕೊಳ್ಳಲು ಇರಬೇಕು. ಗಿರಿಜಾ ಎದ್ದು ನನ್ನ ಹಣೆ ಮುಟ್ಟಿ, “ಜ್ವರ ಇಲ್ಲ” ಎಂದು ಅವರಿಬ್ಬರಿಗೂ ವರದಿ ಒಪ್ಪಿಸಿದಳು. ಆಮೇಲೆ ನನ್ನನ್ನೇ ದಿಟ್ಟಿಸಿ, “ಸಿನಿಮಾದಾಗ ಹಂಗ ಕೇಳೋದು ದೆವ್ವನ್ನ ಮನಿ ಬಿಟ್ಟು ಕಳಸಾಕ್ರಿ. ನೀವು ನನ್ನ ಎಲ್ಲಿಗೆ ಕಳಸ್ತೀರಿ?” ಎಂದಳು.

“ಕಳಸಾಕಲ್ಲ. ನಾನು ಇಲ್ಲಿ ಕುಂಡ್ರಾಕ” ಎಂದೆ. ಅದು ಎಷ್ಟು ಸಣ್ಣದಾಗಿ ಹೊರಬಿತ್ತೆಂದರೆ ನನಗೇ ನಾಚಿಕೆಯಾಯಿತು.

ಅವಳು ಚಹಾದ ಲೋಟ ತೆಗೆದುಕೊಂಡಳು. ಸೋಫಾದ ಬಲತುದಿಯಲ್ಲಿದ್ದ ಮಂಡಕ್ಕಿ ಬುಟ್ಟಿಯನ್ನು ಎತ್ತಿ ನೆಲಕ್ಕಿಟ್ಟು, ಕುಂಡ್ರಿ ಎಂಬಂತೆ ಕಣ್ಣಿನಲ್ಲೇ ಹೇಳಿದಳು. ಕೂತೆ. ಮುಂದಿನ ವಾರ ಯಾವ ಸಿನಿಮಾ ಎಂಬ ಮಾತು ಎದ್ದಿತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿಬ್ಬರೂ ಮನೆಗೆ ಹೋದ ಮೇಲೆ ಕಿಟಕಿಯ ಬೆಡ್‌ಶೀಟ್ ಬಿಚ್ಚುತ್ತಿದ್ದ ಗಿರಿಜಾಳಿಗೆ, “ಕೇಳಿದ್ದಕ್ಕ ಉತ್ತರ ಕೊಡಲಿಲ್ಲ ನೀನು” ಎಂದೆ. ಅವಳು ಬೆಡ್‌ಶೀಟ್ ಮಡಚುತ್ತ, ನನ್ನ ಕಡೆ ತಿರುಗದೆ, “ಏನೂ ಬ್ಯಾಡ ಬಿಡ್ರಿ” ಎಂದಳು.

ಟೆಂಟಿನ ಕಾಲದಿಂದ ಹಾರರ್ ನೋಡುತ್ತ ಬಂದವನು ನಾನು. ಮನಸ್ಸು ಬಿಚ್ಚಿ ಇಂಥದ್ದೇ ಬೇಕು ಎಂದು ಕೇಳುವ ದೆವ್ವಗಳಿಗೆ ಪರಿಹಾರ ಇದೆ ಎಂಬುದನ್ನು ಬಲ್ಲೆ. ಏನೂ ಬೇಡ ಎಂದವರ ಮುಂದೆ ಮೊರ ಹಿಡಿದು ಎಷ್ಟು ಭಾನುವಾರ ನಿಲ್ಲಬೇಕೋ, ಅದನ್ನು ಯಾವ ಸಿನಿಮಾದವರೂ ತೋರಿಸಿಲ್ಲ. ಆ ಸಂಜೆ ಗುಂಪಿಗೆ ವಿಮರ್ಶೆ ಬರೆಯಲು ಮೊಬೈಲು ತೆಗೆದೆ. ‘ಇದೇ ಮೊದಲ ಸಲ ಹೆದರಿದೆ’ ಎಂದಷ್ಟೇ ಬರೆದು ಕಳಿಸಿದೆ. ಸಿನಿಮಾದ ಹೆಸರು ಹೇಳು ಎಂದು ಎಲ್ಲರೂ ಇನ್ನೂ ಕೇಳುತ್ತಿದ್ದಾರೆ.