ಕಾರು ಮಾರಿ ಹ್ಯಾಂಡಲ್ ಉಳಿಸಿಕೊಂಡ ಮಾವ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಬೇಕಾದರೆ ಅವರನ್ನೇ ಕೇಳಿ!

ಆಣೆ ಹೋಗಿ ನಯಾಪೈಸೆ ಬಂದ ಹೊಸತರಲ್ಲಿ ಶಿಕಾರಿಪುರದಲ್ಲಿ ಕಾರಿದ್ದವರೇ ಅಪರೂಪ. ಮಾವನ ಬಳಿ ಒಂದಿತ್ತು. ಆ ಕಪ್ಪು ಕಾರಿಗೆ ದಿನಾ ಮೈ ತೊಳೆಯುವುದೇನು, ದೃಷ್ಟಿ ತೆಗೆಯುವುದೇನು! ಅತ್ತೆಗೆ ಆ ಭಾಗ್ಯವಿರಲಿಲ್ಲ. ಅಂಥ ಕಾರು ಒಮ್ಮೆ ಅಂಜನಾಪುರದ ಕೆರೆ ಏರಿಯ ಮೇಲೆ, ಬೀಗರ ಎದುರಿಗೇ ಕೆಟ್ಟು ನಿಂತಿತು. ಎತ್ತು ಕಟ್ಟಿ ಎಳೆಸಿಕೊಂಡು ಬರಬೇಕಾಯಿತು. ಮಾವನ ಸಿಟ್ಟು ನೆತ್ತಿಗೇರಿತು. ರಿಪೇರಿ ಮಾಡಿಸಿದವರೇ ಸೊರಬದ ಬಟ್ಟೆ ವ್ಯಾಪಾರಿ ಸಾಹೇಬರಿಗೆ ಮಾರಿ, ತಾವೇ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ತಿರುಗಿಸಿ ಹೊರಡಿಸಿಕೊಟ್ಟರು. ಕಾರು ಬೀದಿಯ ತಿರುವು ದಾಟುವ ಮೊದಲೇ ಮಾವ ಹ್ಯಾಂಡಲ್ ಹಿಡಿದೇ ಅದರ ಹಿಂದೆ ನಾಲ್ಕು ಹೆಜ್ಜೆ ಓಡಿದರು. ಆದರೆ ಬಾಯಿಬಿಟ್ಟು ವಾಪಸ್ ಕೇಳುವುದೇ? ಉಂಟೇ!

ಮರುದಿನ ಸಾಹೇಬರು ಬಸ್ಸು ಹತ್ತಿ ಓಡಿಬಂದರು.

"ಯಜಮಾನ್ರೇ, ಹ್ಯಾಂಡಲೇ ಇಲ್ವಲ್ರೀ! ಕಾರು ಹೊರಡ್ಸೋದು ಹ್ಯಾಗೆ?"

"ಹ್ಯಾಂಡಲ್ ನಮ್ಮನ್ಯಾಗೈತಿ. ದನ ಮಾರಿದ್ರ ಹಗ್ಗ ಕೊಡ್ತಾರೇನ್ರೀ? ಕೊಟ್ರ ಮನೆ ಲಕ್ಷ್ಮೀನೂ ಹಿಂದಿಂದನ ಹೊಂಟ್ಬಿಡ್ತಾಳ."

"ಇದು ದನ ಅಲ್ರೀ, ಕಾರು!"

"ಅದನ್ನ ಎತ್ತಿನ ಹಿಂದೆ ನಡಕೊಂಡು ಬಂದ ಕಾರಿಗೆ ಹೇಳ್ರಿ!"

ಕೊನೆಗೆ ಒಂದು ಒಪ್ಪಂದವಾಯಿತು. ಪ್ರತಿ ಸಂತೆಯ ದಿನ ಮಾವನೇ ಸೊರಬಕ್ಕೆ ಹೋಗಿ ಕಾರು ಹೊರಡಿಸಿಕೊಡಬೇಕು; ಮಿಕ್ಕ ದಿನ ಸಾಹೇಬರು ತಳ್ಳಿಸಿಕೊಳ್ಳಬೇಕು. ಹ್ಯಾಂಡಲನ್ನು ಪಂಚೆಯಲ್ಲಿ ಸುತ್ತಿ, ಬಾಣಂತಿ ಕೂಸನ್ನು ಹಿಡಿದಂತೆ ಹಿಡಿದು ಮಾವ ಬಸ್ಸಿನಲ್ಲಿ ಕೂರುತ್ತಿದ್ದರು.

"ಏನ್ರೀ ಅದು?" ಎಂದು ಒಮ್ಮೆ ಕಂಡಕ್ಟರ್ ಕೇಳಿದ.

"ಕಾರು. ಉಳಿದದ್ದು ಸೊರಬದಾಗೈತಿ!"

ಆ ವೇಳೆಗೆ ನಾನು ಸೊರಬಕ್ಕೇ ಸೊಸೆಯಾಗಿ ಬಂದಿದ್ದೆ. ಒಂದು ಸಂತೆಯ ದಿನ ಮಾವ ನನ್ನನ್ನೂ ಕಾರು ಹತ್ತಿಸಿದರು. ಅವರು ಮುಂದೆ ನಿಂತು ಹ್ಯಾಂಡಲ್ ತಿರುಗಿಸುತ್ತಿದ್ದಾಗ ನಾನು ಬುಟ್ಟಿ ಇಡಲು ಹಿಂದಿನ ಸೀಟಿನ ಕೆಳಗಿನ ಗೋಣಿಚೀಲ ಸರಿಸಿದೆ. ಅಲ್ಲೊಂದು ಹ್ಯಾಂಡಲ್! ದಿನಾ ಬಳಸಿ ಹಿಡಿಯೆಲ್ಲ ನುಣುಪಾಗಿತ್ತು.

ಬಾಗಿಲ ಪಕ್ಕದಲ್ಲಿ ನಿಂತಿದ್ದ ಸಾಹೇಬರು ದನಿ ತಗ್ಗಿಸಿದರು. "ಕಮ್ಮಾರನ ಹತ್ರ ಆವಾಗ್ಲೇ ಮಾಡಿಸ್ದೆ ಕಣಮ್ಮ. ಮಾವಂಗೆ ಹೇಳ್ಬೇಡಿ. ಗೊತ್ತಾದ್ರೆ ಬರೋದೇ ಬಿಟ್ಟಾರು. ಕಾರು ನೋಡ್ದೆ ಅವ್ರಿಗೆ ಇರಕ್ಕಾಗಲ್ಲ, ವಾಪಸ್ ಕೇಳಕ್ಕೂ ಆಗಲ್ಲ."

ನಾನು ಗೋಣಿಚೀಲ ಎಳೆದು ಮುಚ್ಚಿದೆ. ಕಾರು ಗುಡುಗಿತು. ಮಾವ ಬೆವರು ಒರೆಸಿಕೊಂಡು, ಬಾನೆಟ್ ಸವರಿ, ಎದೆಯುಬ್ಬಿಸಿ ನಿಂತರು.

"ನೋಡಿದ್ಯೇನವ್ವ? ಬ್ಯಾರೆಯವ್ರ ಕೈಗೆ ಇದು ಬಗ್ಗಂಗಿಲ್ಲ!"

"ಹೌದು ಮಾವ" ಎಂದೆ. ಬುಟ್ಟಿಯನ್ನು ಗೋಣಿಚೀಲದ ಮೇಲಿಟ್ಟೆ.

"ನೀವಿಲ್ದಿದ್ರೆ ನಮ್ಮ ಗತಿ ಏನ್ರೀ!" ಎನ್ನುತ್ತ ಸಾಹೇಬರು ಸ್ಟೀರಿಂಗಿನ ಕಡೆಯ ಬಾಗಿಲನ್ನು ಮಾವನಿಗೆ ತೆರೆದು, ತಾವು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು.