ಅತ್ತೆ ಮತ್ತು ಹನ್ನೆರಡನೆಯ ಮೊಟ್ಟೆ

ನಮ್ಮ ಸೋದರತ್ತೆ ಹಾವಿಗೆ ಹೆದರುತ್ತಿರಲಿಲ್ಲ, ದೆವ್ವಕ್ಕೆ ಹೆದರುತ್ತಿರಲಿಲ್ಲ. ಆಕೆ ಹೆದರುತ್ತಿದ್ದದ್ದು ಕೋಳಿಮೊಟ್ಟೆಗೆ! ಅದೂ ಈಸ್ಟರ್ ಬಂದಾಗ.

ಐವತ್ತರ ದಶಕದ ಕೊನೆಯ ಮಾತು. ಮಾವನಿಗೆ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸ. ಹಬ್ಬಕ್ಕೆ ನಾವು ಶಿವಮೊಗ್ಗದಿಂದ ರೈಲು ಹತ್ತಿ ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆವು. ಬೇಯಿಸಿದ ಮೊಟ್ಟೆಗಳಿಗೆ ಬಣ್ಣ ಹಚ್ಚಿ, ಹಿತ್ತಲಲ್ಲಿ ಬಚ್ಚಿಟ್ಟು, ಮಕ್ಕಳಿಂದ ಹುಡುಕಿಸುವುದು ಆ ಕ್ವಾರ್ಟರ್ಸ್ ಸಾಲಿನ ಕ್ರೈಸ್ತ ಮನೆಗಳ ಸಂಭ್ರಮ. ಅತ್ತೆಗೆ ಮಾತ್ರ ಅದೊಂದು ಯುದ್ಧ.

ಅಂಗಡಿಗೆ ಹೋಗುವಾಗಲೇ ಪಾತ್ರೆಯಲ್ಲಿ ನೀರು ಒಯ್ಯುತ್ತಿದ್ದಳು. ಒಂದೊಂದೇ ಮೊಟ್ಟೆಯನ್ನು ಮುಳುಗಿಸಿ, ಕೆಟ್ಟಿದೆಯೋ ಎಂದು ಪರೀಕ್ಷೆ.

"ಮೊಟ್ಟೆ ತಗೊಳ್ಳೋಕೆ ಬಂದ್ರೋ, ಈಜು ಕಲಿಸೋಕೆ ಬಂದ್ರೋ ಅಮ್ಮಾ?" ಎಂದು ಅಂಗಡಿ ಸಾಬರು ಕೇಳಿದ್ದರು.

"ಮುಳುಗಿದ್ದನ್ನ ನಾನು ತಗೊಳ್ತೀನಿ, ತೇಲಿದ್ದನ್ನ ನೀವೇ ಇಟ್ಕೊಳ್ಳಿ ಸಾಬ್ರೇ."

ಬೇಯುವಾಗ ಬಿರುಕು ಬಿಟ್ಟವಕ್ಕೆ ಬಣ್ಣದ ಭಾಗ್ಯವಿಲ್ಲ. ಮಾವ ಬಿಸಿಯಿರುವಾಗಲೇ ತಿಂದು ಮುಗಿಸಬೇಕು. ಹಬ್ಬದ ವಾರವೆಲ್ಲ ಪಾಪ, ಆತ ಕೋಳಿ ಕಂಡರೆ ದಾರಿ ಬದಲಿಸುತ್ತಿದ್ದ! ಇನ್ನು ಹಿತ್ತಲಲ್ಲಿಟ್ಟ ಮೊಟ್ಟೆಗಳು ಕಾರ್ಖಾನೆಯ ಸೈರನ್ ಕೂಗುವುದರೊಳಗೆ ಒಳಗೆ ಬರಬೇಕು. ತಡವಾದವು ಗೊಬ್ಬರದ ಗುಂಡಿಗೆ. ಆ ಬಿಸಿಲಿಗೆ ಮೊಟ್ಟೆ ವಿಷವಾಗುತ್ತದೆಂದು ಆಕೆಯ ವಾದ. ಆಟವೋ ಪರೀಕ್ಷೆಯೋ, ಹೇಳಿ?

ನನಗೆ ಎಂಟು ವರ್ಷವಾಗಿದ್ದಾಗ, ಬಚ್ಚಿಟ್ಟದ್ದು ಹನ್ನೆರಡು, ಸಿಕ್ಕಿದ್ದು ಹನ್ನೊಂದು. ಅತ್ತೆ ಮಲ್ಲಿಗೆ ಬಳ್ಳಿ ಕೆದಕಿದಳು, ಸೌದೆ ರಾಶಿ ಕೆಡವಿದಳು, ಪಕ್ಕದ ಮನೆಯ ಕೋಳಿಯನ್ನೂ ಎತ್ತಿ ನೋಡಿದಳು. ಹನ್ನೆರಡನೆಯದು ನನ್ನ ಫ್ರಾಕಿನ ಜೇಬಿನಲ್ಲಿತ್ತು. ಬೀಟ್‌ರೂಟಿನ ರಸ ಹಚ್ಚಿದ ಅದರ ಕೆಂಪನ್ನು ಬಿಟ್ಟುಕೊಡಲು ಮನಸ್ಸಾಗದೆ ಎರಡು ದಿನ ಟ್ರಂಕಿನಲ್ಲಿ ಬಚ್ಚಿಟ್ಟೆ. ಮೂರನೆಯ ದಿನ ಬೆಳಿಗ್ಗೆ ಗುಟ್ಟಾಗಿ ಸುಲಿದು ತಿಂದೆ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಂಡತೊಡಗಿತು. ಅತ್ತೆ ಆಗಷ್ಟೇ ನೆಂಟರ ಮದುವೆಗೆ ಹೊರಟು, ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ನಾನು ವಾಂತಿ ಮಾಡಿದ್ದು ನೇರ ಆ ಸೀರೆಯ ಮೇಲೆ. ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಕಾದೆ. ಆಕೆ ಬೈಯಲೇ ಇಲ್ಲ. ಮಾವನನ್ನು ಡಾಕ್ಟರ ಬಳಿಗೆ ಓಡಿಸಿ, ನನ್ನನ್ನು ಅದೇ ಸೀರೆಯ ಮಡಿಲಲ್ಲಿ ಮಲಗಿಸಿಕೊಂಡು, ಗಂಜಿಯನ್ನು ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸಿದಳು.

ತಾನು ನೋಡಿಕೊಳ್ಳುತ್ತೇನೆ, ಅತ್ತೆ ಸೀರೆ ಬದಲಿಸಿ ಮದುವೆಗೆ ಹೋಗಲಿ ಎಂದಳು ಅಮ್ಮ.

"ಮದುವೆ ನಾನಿಲ್ದೆ ಇದ್ರೂ ಆಗತ್ತಮ್ಮ," ಎಂದಳು ಅತ್ತೆ, ನನ್ನ ಹಣೆಯಿಂದ ಕೈ ತೆಗೆಯದೆ. "ಇವಳು ಇನ್ನೊಂದು ಗುಟುಕು ಕುಡೀಲಿ."